ಉಂಡ ಮನೆಯ ಜಂತೆಗಳನ್ನು ಎಣಿಸಿರಿ



'ಉಂಡ ಮನೆಯ ಜಂತೆ ಎಣಿಸಬಾರದು' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಅನ್ನವಿಕ್ಕಿದವರ ಮನೆಗೇ ಕೇಡು ಬಗೆಯಬಾರದೆಂಬುದು ಅದರ ತಾತ್ಪರ್ಯ. ಊಟ ಮುಗಿಸಿ ನಡುಮನೆಯಲ್ಲಿ ಅಡ್ಡಾದ ಅತಿಥಿಯು ಮೇಲೆ ನೋಡುತ್ತಾ ಮರಮುಟ್ಟಿನ ಲೆಕ್ಕ ಹಾಕತೊಡಗಿದರೆ, ಅವನ ಮನಸ್ಸಿನಲ್ಲಿ ಏನೋ ದುರಾಲೋಚನೆ ಇದೆಯೆಂದು ನಮ್ಮ ಹಿರಿಯರು ಶಂಕಿಸುತ್ತಿದ್ದರು. ಗಾದೆಯ ನೀತಿಗೆ ನನ್ನ ತಕರಾರೇನೂ ಇಲ್ಲ. ಆದರೆ ಅದರ ಅಕ್ಷರಾರ್ಥವನ್ನು ಮಾತ್ರ ನಾವು ತಿರುಗಿಸಿ ಹೇಳಬೇಕಾದ ಕಾಲ ಬಂದಿದೆಯೆಂಬುದು ನನ್ನ ಅಭಿಪ್ರಾಯ. ನಾವು ಉಣ್ಣುವ ಮನೆಯ, ಮಲಗುವ ಕೋಣೆಯ, ಮಕ್ಕಳನ್ನು ಓದಲು ಕೂರಿಸುವ ಶಾಲೆಯ ಜಂತೆಗಳನ್ನು ವರ್ಷಕ್ಕೊಮ್ಮೆಯಾದರೂ ಎಣಿಸಲೇಬೇಕು. ಅಂದರೆ ಚಾವಣಿಯನ್ನು ಹೊತ್ತಿರುವ ಕಟ್ಟನ್ನು ಕಣ್ಣೆತ್ತಿ ನೋಡಬೇಕು. ನೋಡಲು ಸಾಧ್ಯವಾಗುವಂತೆ ಅದನ್ನು ಕಟ್ಟಬೇಕು.

ಮೊದಲು ಆ ಹೆಸರುಗಳನ್ನು ಒಮ್ಮೆ ನೆನಪಿಸಿಕೊಳ್ಳೋಣ. ನಿಮ್ಮಲ್ಲಿ ಅನೇಕರು ಈಗ ಅಪಾರ್ಟ್‌ಮೆಂಟುಗಳಲ್ಲಿ ಇರುವಿರಿ. ನಿಮ್ಮ ಮಕ್ಕಳಿಗೆ ಈ ಪದಗಳು ಹೊಸದಾಗಿಯೂ ಇರಬಹುದು. ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಮಲಗಿರುವ ದಪ್ಪ ಮರವೇ ತೊಲೆ. ತೊಲೆಯ ಮೇಲೆ ಸಾಲಾಗಿ ಕೂರುವ ಸಣ್ಣ ಮರಗಳು ಜಂತೆಗಳು. ಉತ್ತರ ಕರ್ನಾಟಕದವರು ಜಂತಿ ಎನ್ನುತ್ತಾರೆ. ಇಳಿಜಾರು ಮಾಡಿನಲ್ಲಿ ನೆತ್ತಿಯಿಂದ ಸೂರಿನವರೆಗೆ ಇಳಿಯುವ ಮರಗಳನ್ನು ಕರಾವಳಿಯವರು ಪಕ್ಕಾಸು ಎಂದು ಕರೆಯುವರು. ಅವುಗಳ ಮೇಲೆ ಅಡ್ಡಡ್ಡಲಾಗಿ ಹೊಡೆದ, ಹೆಂಚು ಕೂರುವ ಪಟ್ಟಿಗಳು ರೀಪುಗಳು. ಕಂಬದ ತಲೆಯ ಮೇಲೆ ಕುಳಿತು ತೊಲೆಯ ಭಾರವನ್ನು ಕಂಬಕ್ಕೆ ಇಳಿಸುವುದು ಬೋದಿಗೆ. ಮಲೆನಾಡಿನಲ್ಲಿ ತೊಲೆಗೆ ಮತ್ತಿ, ಹೊನ್ನೆ, ಹಲಸು, ಅನುಕೂಲಸ್ಥರಾದರೆ ತೇಗ. ಕರಾವಳಿಯಲ್ಲಿ ಪಕ್ಕಾಸಿಗೆ ತಾಳೆ, ರೀಪಿಗೆ ಅಡಿಕೆ ಮರ. ತಮ್ಮ ಊರಿನಲ್ಲಿ ಬೆಳೆದುದರಿಂದಲೇ ಜನರು ತಮ್ಮ ಮಾಡನ್ನು ಕಟ್ಟಿಕೊಂಡರು.

ಗಣಿತ ಮೇಷ್ಟ್ರಾಗಿದ್ದ ನಾನು ಎಂಟನೆಯ ತರಗತಿಗೆ ತ್ರಿಭುಜವನ್ನು ಪಾಠ ಮಾಡುವಾಗ ಶಾಲೆಯ ಚಾವಣಿಯನ್ನೇ ಕಪ್ಪುಹಲಗೆಯಾಗಿ ಬಳಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ಗುಂಡುಸೂಜಿಯಿಂದ ಜೋಡಿಸಿ ಒಂದು ಚೌಕ ಮಾಡಿರಿ. ಬೆರಳಿನಿಂದ ತಳ್ಳಿದರೆ ಅದು ಓರೆಯಾಗುತ್ತದೆ. ಮೂರು ಕಡ್ಡಿಗಳ ತ್ರಿಭುಜವನ್ನು ಎಷ್ಟು ತಳ್ಳಿದರೂ ಅದು ತನ್ನ ಆಕಾರವನ್ನು ಬಿಟ್ಟುಕೊಡುವುದಿಲ್ಲ. ಬಾಹುಗಳ ಉದ್ದ ನಿಗದಿಯಾದರೆ ಕೋನಗಳೂ ನಿಗದಿಯಾಗುತ್ತವೆ ಎಂಬ ಪ್ರಮೇಯವೇ ಇದು. ಹಳೆಯ ಶಾಲೆ, ಛತ್ರ, ರೈಲು ನಿಲ್ದಾಣಗಳ ಹೆಂಚಿನ ಮಾಡು ನಿಂತಿರುವುದು ಈ ಪ್ರಮೇಯದ ಮೇಲೆ.

ಎರಡು ಕಡೆಯ ಇಳಿಜಾರು ಮರಗಳು ನೆತ್ತಿಯಲ್ಲಿ ಒಂದಕ್ಕೊಂದು ಒರಗಿ ನಿಂತಾಗ, ಹೆಂಚಿನ ಭಾರದಿಂದ ಅವುಗಳ ಕಾಲುಗಳು ಹೊರಕ್ಕೆ ಜಾರಲು ಹವಣಿಸುತ್ತವೆ. ಜಾರಿದರೆ ಗೋಡೆಯನ್ನೂ ತಳ್ಳುತ್ತವೆ. ಹಾಗಾಗದಂತೆ ಎರಡು ಕಾಲುಗಳನ್ನೂ ಹಿಡಿದು ಕಟ್ಟಿರುವುದು ಕೆಳಗಿನ ಅಡ್ಡತೊಲೆ. ಅದರ ಕೆಲಸ ಹೊರುವುದಕ್ಕಿಂತ ಹೆಚ್ಚಾಗಿ ಎಳೆದು ಹಿಡಿಯುವುದು. ನಡುವೆ ನಿಂತಿರುವ ಗಿಡ್ಡ ಕಂಬಕ್ಕೆ ಇಂಗ್ಲಿಷರು ಕಿಂಗ್ ಪೋಸ್ಟ್ ಎಂದು ದೊಡ್ಡ ಹೆಸರಿಟ್ಟರು. ಆ ರಾಜಕಂಬವು ನೆತ್ತಿಯನ್ನು ಹೊತ್ತಿದೆಯೆಂದು ನೋಡಿದವರೆಲ್ಲ ಭಾವಿಸುತ್ತಾರೆ. ವಾಸ್ತವದಲ್ಲಿ ಅದು ನೆತ್ತಿಯಿಂದ ಕೆಳಕ್ಕೆ ನೇತಾಡುತ್ತಿರುತ್ತದೆ. ಅಡ್ಡತೊಲೆ ನಡುವಿನಲ್ಲಿ ಜೋಲದಂತೆ ಅದನ್ನು ಮೇಲಕ್ಕೆ ಹಿಡಿದಿರುತ್ತದೆ. ಅಟ್ಟಕ್ಕೆ ತಲೆ ತಾಗುತ್ತದೆಂದೋ, ದೊಡ್ಡ ಬೀರು ಇಡಲು ಅಡ್ಡವಾಯಿತೆಂದೋ ಕೆಳಗಿನ ಅಡ್ಡತೊಲೆಯನ್ನು ಕೊಯ್ದು ತೆಗೆದ ಮನೆಗಳನ್ನು ನಾನು ಕಂಡಿದ್ದೇನೆ. ಮಾಡು ಅಂದೇ ಬೀಳುವುದಿಲ್ಲ. ಗೋಡೆಗಳು ವರ್ಷದಿಂದ ವರ್ಷಕ್ಕೆ ಹೊರಕ್ಕೆ ಬಾಗುತ್ತಾ ಹೋಗುತ್ತವೆ. ಒಂದು ಮಳೆಗಾಲದಲ್ಲಿ ಲೆಕ್ಕ ಚುಕ್ತಾ ಆಗುತ್ತದೆ.

ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ನಮ್ಮ ನಾಡಿನ ಮಾಡುಗಳ ಸ್ವರೂಪವೇ ಬದಲಾಯಿತು. ಒಂದಕ್ಕೊಂದು ಕೊಂಡಿಯಂತೆ ಕೂಡುವ ಮಂಗಳೂರು ಹೆಂಚುಗಳು ಬಂದವು. ಅವನ್ನು ಕೂರಿಸಲು ಸುಮಾರು ಒಂದಡಿ ಅಂತರದಲ್ಲಿ ಅಳತೆಗೆ ತಕ್ಕಂತೆ ರೀಪು ಹೊಡೆಯುವ ಶಿಸ್ತೂ ಬಂದಿತು. ನೂರು ಚದರಡಿಗೆ ಸುಮಾರು 150 ಹೆಂಚುಗಳು ಬೇಕು. ಒಂದು ಹೆಂಚು ಎರಡೂವರೆ ಕಿಲೋ ಎಂದು ಹಿಡಿದರೆ 375 ಕಿಲೋ ಭಾರ. ಮಳೆಯಲ್ಲಿ ನೆನೆದಾಗ ಇನ್ನೂ ಹೆಚ್ಚು. ಈ ಭಾರವನ್ನು ಹೊರಲು ಮರವೂ ದಷ್ಟಪುಷ್ಟವಾಗಿರಬೇಕಿತ್ತು.

ಆ ಮಾಡಿನ ಒಂದು ಗುಣವನ್ನು ಮಾತ್ರ ನಾವು ಗಮನಿಸಲೇ ಇಲ್ಲ. ಅದು ತನ್ನನ್ನು ನೋಡಿಕೊಳ್ಳುವಂತೆ ಮನೆಯವರನ್ನು ಒತ್ತಾಯಿಸುತ್ತಿತ್ತು. ಕೋತಿ ಹಾರಿದರೆ, ತೆಂಗಿನಕಾಯಿ ಬಿದ್ದರೆ ಹೆಂಚು ಒಡೆಯುತ್ತಿತ್ತು. ಮೃಗಶಿರ ಮಳೆ ಹಿಡಿಯುವ ಮುನ್ನ ಹೆಂಚು ಕೈಯಾಡಿಸಲೇಬೇಕಿತ್ತು. ಕೈಯಾಡಿಸಲು ಮೇಲೆ ಹತ್ತಿದವನು ಒಡೆದ ಹೆಂಚನ್ನು ಬದಲಿಸುವಾಗ ಅದರ ಅಡಿಯ ರೀಪನ್ನೂ, ರೀಪಿನ ಅಡಿಯ ಪಕ್ಕಾಸನ್ನೂ ನೋಡದೆ ಇರಲಾಗುತ್ತಿರಲಿಲ್ಲ. 'ಅಯ್ಯಾ, ಇಲ್ಲೊಂದು ಮರ ಪೊಳ್ಳಾಗಿದೆ' ಎಂದು ಮೇಲಿನಿಂದಲೇ ಕೂಗಿ ಹೇಳುತ್ತಿದ್ದನು. ಕೆಟ್ಟದ್ದನ್ನು ಮಾತ್ರ ತೆಗೆದು ಬೇರೆಯದನ್ನು ಕೂರಿಸುತ್ತಿದ್ದರು. ಕೆಳಗೆ ಮಲಗಿದವರಿಗೂ ರಾತ್ರಿ ದೀಪವಾರುವ ತನಕ ಕಣ್ಣಿಗೆ ಬೀಳುತ್ತಿದ್ದುದು ಅವೇ ಮರಗಳು. ಹಾಸಿಗೆಯ ಮೇಲೆ ಹಳದಿ ಹುಡಿ ಉದುರಿದರೆ, ಕುಟ್ಟೆ ಹಿಡಿದಿದೆಯೆಂದು ಮನೆಯ ಅಜ್ಜಿಗೇ ತಿಳಿಯುತ್ತಿತ್ತು. ತಪಾಸಣೆ ಎಂಬ ಪದವನ್ನು ಯಾರೂ ಬಳಸದೆ ತಪಾಸಣೆ ನಡೆಯುತ್ತಿತ್ತು.

ಈಗ ನಮ್ಮ ಬೆಂಗಳೂರಿಗೆ ಬರೋಣ. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿಯ ಹಳೆಯ ಮನೆಗಳಲ್ಲಿ ಹೆಂಚಿನ ಮಾಡಿನ ಜೊತೆಗೆ ಮದ್ರಾಸ್ ತಾರಸಿಯನ್ನೂ ಕಾಣಬಹುದಿತ್ತು. ಸಾಲು ಜಂತೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಸಾಲಿನಲ್ಲಿ ಸುಣ್ಣದ ಗಾರೆಯಿಂದ ಜೋಡಿಸಿದ ಚಾವಣಿ ಅದು. ಮೇಲೆ ಸಮತಟ್ಟು, ಕೆಳಗಿನಿಂದ ನೋಡಿದರೆ ಜಂತೆಗಳೆಲ್ಲ ಕಾಣುತ್ತಿದ್ದವು. ನಾನಿರುವ ಕುಮಾರಸ್ವಾಮಿ ಲೇಔಟ್ ಅದಕ್ಕಿಂತ ಬಹಳ ಈಚಿನದು. ಇಲ್ಲಿನ 30-40ರ ನಿವೇಶನಗಳಲ್ಲಿ ಎದ್ದ ಮನೆಗಳೆಲ್ಲ ಆರ್‌ಸಿಸಿಯವು. ಜಂತೆಗಳು ಹೋದವು ಎಂದು ನಾವು ಭಾವಿಸಿದೆವು. ಅವು ಹೋಗಿಲ್ಲ, ಕಬ್ಬಿಣದ ಸರಳುಗಳಾಗಿ ಕಾಂಕ್ರೀಟಿನೊಳಗೆ ಅಡಗಿ ಕುಳಿತಿವೆ. ಅವುಗಳನ್ನು ಗಾಳಿ ನೀರಿನಿಂದ ಕಾಪಾಡುವುದು ಸುಮಾರು 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ. ನೀರು ಜಿನುಗಿ ಸರಳು ತುಕ್ಕು ಹಿಡಿದರೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ, ಹೊದಿಕೆಯನ್ನು ಒಳಗಿನಿಂದಲೇ ಸೀಳುತ್ತದೆ. ಅದಕ್ಕೆ ಮೊದಲು ಒಂದು ಕಂದು ಕಲೆ, ಒಂದು ಉಬ್ಬು, ಸರಳಿನ ಗುಂಟ ಒಂದು ಬಿರುಕು ಕಾಣಿಸಿಕೊಳ್ಳುತ್ತದೆ. ಕಂಡಾಗ ನಾವೇನು ಮಾಡುತ್ತೇವೆ? ಪುಟ್ಟಿ ಬಳಿದು ಬಣ್ಣ ಹೊಡೆಸುತ್ತೇವೆ. ಅನುಕೂಲವಿದ್ದರೆ ಅಂದದ ಫಾಲ್ಸ್ ಸೀಲಿಂಗ್ ಹಾಕಿಸಿ ಬಣ್ಣದ ದೀಪಗಳನ್ನು ಸಿಕ್ಕಿಸುತ್ತೇವೆ. ಅಲ್ಲಿಗೆ ಚಾವಣಿಯೊಡನೆ ನಮ್ಮ ಸಂಬಂಧ ಕಡಿದಂತೆ.

ಇನ್ನೊಂದು ಸಂಗತಿ ನಮ್ಮ ಬಡಾವಣೆಯ ಯಾವ ರಸ್ತೆಯಲ್ಲಿ ನಿಂತರೂ ಕಾಣುತ್ತದೆ. ಶಾವಿಗೆ ಮಲ್ಲೇಶ್ವರ ಬೆಟ್ಟದ ಕಡೆಯ ಏರಿನಿಂದ ಕೆಳಗೆ ನೋಡಿದರೆ ಮನೆಗಳ ತಾರಸಿಗಳ ಮೇಲೆ ನೀಲಿ, ಹಸಿರು, ಕೆಂಪು ಶೀಟುಗಳ ಎರಡನೆಯ ಚಾವಣಿ. ತಾರಸಿ ಸೋರುತ್ತದೆ, ಬಿಸಿಲಿಗೆ ಕಾಯುತ್ತದೆ, ಬಟ್ಟೆ ಒಣಗಿಸಬೇಕು, ಮೊಮ್ಮಗುವಿನ ನಾಮಕರಣಕ್ಕೆ ಜಾಗ ಬೇಕು... ಕಾರಣಗಳೆಲ್ಲ ನ್ಯಾಯವಾದವೇ. ಶೀಟಿನ ಬಣ್ಣವನ್ನು ಮನೆಯವರೆಲ್ಲ ಸೇರಿ ಆರಿಸುತ್ತಾರೆ. ಅದನ್ನು ಹಿಡಿದಿರುವ ಪೈಪಿನ ಕಟ್ಟನ್ನು ಯಾರೂ ಕೇಳುವುದಿಲ್ಲ. ವೆಲ್ಡಿಂಗ್ ಹುಡುಗರು ಎರಡು ದಿನದಲ್ಲಿ ಕಟ್ಟಿ ಹೋಗುತ್ತಾರೆ. ಕಂಬದ ಬುಡ ತಾರಸಿಗೆ ಹೇಗೆ ಕಚ್ಚಿಕೊಂಡಿದೆ, ಅಡ್ಡಪಟ್ಟಿಗಳ ನಡುವೆ ಅಂತರವೆಷ್ಟು, ಎಲ್ಲಾದರೂ ಓರೆಪಟ್ಟಿ ಹಾಕಿ ತ್ರಿಭುಜ ಮಾಡಿದ್ದಾರೆಯೇ ಎಂಬುದನ್ನು ನೋಡಿದವರಿಲ್ಲ. ಅನೇಕ ಕಡೆ ನನಗೆ ಕಾಣುವುದು ಬರಿಯ ಚೌಕಗಳೇ. ಬೆರಳಿನಿಂದ ತಳ್ಳಿದರೆ ಓರೆಯಾಗುವ ಆ ನಾಲ್ಕು ಕಡ್ಡಿಗಳ ಚೌಕ.

ಸ್ವಲ್ಪ ಲೆಕ್ಕ ಮಾಡೋಣ. ಹಳೆಯ ಚಟ ಬಿಡಲಾಗದು. ಕಟ್ಟಡಗಳ ಮೇಲಿನ ಗಾಳಿಯ ಹೊರೆಯನ್ನು ತಿಳಿಸುವ ಭಾರತೀಯ ಮಾನಕ 875ರ ಮೂರನೆಯ ಭಾಗವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಎಂಬ ಮೂಲ ವೇಗವನ್ನು ಗೊತ್ತುಪಡಿಸಿದೆ. ಗಂಟೆಗೆ ಸುಮಾರು 119 ಕಿಲೋಮೀಟರ್. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ದೊರೆಯುತ್ತದೆ. ಚದರ ಮೀಟರಿಗೆ ಸುಮಾರು 650 ನ್ಯೂಟನ್, ಅಂದರೆ 66 ಕಿಲೋ ಭಾರಕ್ಕೆ ಸಮ. ನೂರು ಚದರಡಿಗೆ ಇದು 600 ಕಿಲೋವನ್ನು ಮೀರುತ್ತದೆ. ಇದರ ಅರ್ಧದಷ್ಟೇ ಚಾವಣಿಯನ್ನು ಮೇಲಕ್ಕೆ ಎತ್ತಿದರೂ 300 ಕಿಲೋ ಆಯಿತು. ಹೆಂಚಿನ ಮಾಡಿನ ಭಾರ 375 ಕಿಲೋ. ಮರದ ಭಾರ ಬೇರೆ. ಒಂದೆರಡು ಹೆಂಚು ಹಾರಬಹುದು, ಮಾಡು ಕುಳಿತಲ್ಲೇ ಕುಳಿತಿರುತ್ತದೆ. ಅರ್ಧ ಮಿಲಿಮೀಟರಿನ ತಗಡಿನ ಶೀಟಾದರೋ ನೂರು ಚದರಡಿಗೆ 45 ಕಿಲೋ ತೂಗಿದರೆ ಹೆಚ್ಚು. ಉಳಿದ 250 ಕಿಲೋವನ್ನು ಹಿಡಿದಿಡಬೇಕಾದುದು ತಿರುಪುಗಳು, ಬೆಸುಗೆಗಳು ಮತ್ತು ಕಂಬದ ಬುಡದ ಬೋಲ್ಟುಗಳು. ಹೆಂಚಿನ ಕಟ್ಟು ಭಾರವನ್ನು ಕೆಳಗಿನಿಂದ ಹೊರಬೇಕಿತ್ತು. ಶೀಟಿನ ಕಟ್ಟು ಮೇಲೆ ಹಾರುವುದನ್ನು ಕೆಳಕ್ಕೆ ಹಿಡಿದಿರಬೇಕು. ಈ ವ್ಯತ್ಯಾಸ ತಿಳಿಯದೆ, 'ಶೀಟು ಹಗುರ, ಆದ್ದರಿಂದ ಕಟ್ಟೂ ಹಗುರವಾಗಿದ್ದರೆ ಸಾಕು' ಎಂದು ನಾವು ತೀರ್ಮಾನಿಸಿದ್ದೇವೆ. ಅಶ್ವಿನಿ, ಭರಣಿ ಮಳೆಗಳ ಬಿರುಗಾಳಿಗೆ ಎದ್ದ ಶೀಟು ತನ್ನ ಯಜಮಾನನ ಮೇಲೆಯೇ ಬೀಳುತ್ತದೆಂಬ ನಿಯಮವಿಲ್ಲ. ಅದು ಎದುರು ಮನೆಯ ಮಗುವಿನ ಮೇಲೆ, ರಸ್ತೆಯಲ್ಲಿ ತರಕಾರಿ ಮಾರುವವಳ ಮೇಲೆ ಬೀಳಬಹುದು.

'ಮೇಷ್ಟ್ರು ಮತ್ತೆ ಹೆಂಚಿನ ಮನೆ ಕಟ್ಟಿಕೊಳ್ಳಿ ಎನ್ನುತ್ತಿದ್ದಾರೆ' ಎಂದು ನೀವು ನಗಬಹುದು. ಹಾಗೆ ಹೇಳುವಷ್ಟು ಮುಗ್ಧತೆ ನನಗಿಲ್ಲ. ಮರ ದುಬಾರಿ, ಬಡಗಿಗಳು ವಿರಳ, ಗೆದ್ದಲಿನ ಕಾಟ, ಬೆಂಕಿಯ ಭಯ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಉರಿದುಹೋದುದರಿಂದಲೇ ಈಗಿನ ಅರಮನೆ ಎದ್ದಿತು. ಅದೇ ವೇಳೆಗೆ, 1791ರಲ್ಲಿ ಮುಗಿದ ಬೆಂಗಳೂರು ಕೋಟೆ ಪ್ರದೇಶದ ಟಿಪ್ಪು ಬೇಸಿಗೆ ಅರಮನೆಯ ಮರದ ಕಂಬ, ತೊಲೆಗಳು ಇಂದಿಗೂ ನಿಂತಿವೆ. ಕಾಂಕ್ರೀಟು ಒಳ್ಳೆಯದು, ಉಕ್ಕು ಒಳ್ಳೆಯದು, ಮರವೂ ಒಳ್ಳೆಯದು. ಯಾವುದೂ ಎಂದೆಂದಿಗೂ ಬಾಳುವುದಿಲ್ಲ. ನೋಡಿಕೊಂಡರೆ ಬಾಳುತ್ತದೆ ಎಂಬಷ್ಟೇ ನನ್ನ ಮಾತು.

ಈ ವಿಷಯ ನನಗೆ ಮನೆಗಳಿಗಿಂತ ಹೆಚ್ಚಾಗಿ ಶಾಲೆಗಳ ಕಾರಣದಿಂದ ಮುಖ್ಯವೆನಿಸುತ್ತದೆ. ನಾನು ಮೊದಲು ಸೇವೆಗೆ ಸೇರಿದುದು ಮಲೆನಾಡಿನ ಸೆರಗಿನ ಒಂದು ಹಳ್ಳಿಯ ಶಾಲೆಯಲ್ಲಿ. ಅಲ್ಲಿನ ಮುಖ್ಯೋಪಾಧ್ಯಾಯರು ಪ್ರತಿ ಮೇ ತಿಂಗಳ ಕೊನೆಯ ವಾರ ಊರಿನ ಬಡಗಿಯನ್ನು ಕರೆಸಿ, ಎಲ್ಲ ಕೋಣೆಗಳ ತೊಲೆಗಳನ್ನೂ ಉಳಿಯ ಹಿಡಿಯಿಂದ ತಟ್ಟಿಸುತ್ತಿದ್ದರು. ಗಟ್ಟಿ ಮರ ಒಂದು ಬಗೆಯಾಗಿ ಸದ್ದು ಮಾಡುತ್ತದೆ, ಪೊಳ್ಳು ಮರ ಇನ್ನೊಂದು ಬಗೆಯಾಗಿ. ಒಂದು ವರ್ಷ ಐದನೆಯ ತರಗತಿಯ ಅಡ್ಡತೊಲೆ ಗೋಡೆಯೊಳಗೆ ಸೇರುವ ತುದಿಯಲ್ಲಿ ಮಂಕಾಗಿ ಸದ್ದು ಮಾಡಿತು. ಮೇಲ್ನೋಟಕ್ಕೆ ಹೊಸ ಬಣ್ಣದಿಂದ ಹೊಳೆಯುತ್ತಿದ್ದ ಆ ತೊಲೆಗೆ ಬಡಗಿಯ ಉಳಿ ಹಿಡಿಯವರೆಗೂ ಇಳಿಯಿತು. ಒಳಗೆಲ್ಲ ಗೆದ್ದಲಿನ ಮಣ್ಣು. ಮೂರು ವಾರ ಆ ತರಗತಿ ಹೊಂಗೆ ಮರದ ಕೆಳಗೆ ನಡೆಯಿತು. ಸುಣ್ಣಬಣ್ಣಕ್ಕೆ ಹಣ ಬಂದಿದೆಯೇ ಹೊರತು ತೊಲೆಗೆ ಅಲ್ಲವೆಂದು ಸಂಬಂಧಪಟ್ಟ ಕಚೇರಿಯಿಂದ ಉತ್ತರ ಬಂತು. ಕೊನೆಗೆ ಊರಿನವರೇ ಒಂದು ಮತ್ತಿ ಮರವನ್ನು ಕೊಟ್ಟರು. ಆ ತೊಲೆ ಮಳೆಗಾಲದ ಮಧ್ಯೆ ಮುರಿದಿದ್ದರೆ ಏನಾಗುತ್ತಿತ್ತೆಂದು ಊರಿನಲ್ಲಿ ಯಾರೂ ಚರ್ಚಿಸಲಿಲ್ಲ. ಆಗದೆ ಉಳಿದ ಅನಾಹುತಕ್ಕೆ ಸುದ್ದಿಯೂ ಇಲ್ಲ, ಸನ್ಮಾನವೂ ಇಲ್ಲ.

ಆದ ಅನಾಹುತವನ್ನು 2025ರ ಜುಲೈ 25ರಂದು ನೋಡಿದೆವು. ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋಡಿ ಎಂಬ ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಚಾವಣಿ ಕುಸಿದು ಏಳು ಮಕ್ಕಳು ಪ್ರಾಣ ಬಿಟ್ಟರು. ಮೇಲಿನಿಂದ ಕಲ್ಲುಚೂರುಗಳು ಉದುರುತ್ತಿವೆಯೆಂದು ಮಕ್ಕಳು ಅದಕ್ಕೆ ಮೊದಲೇ ಹೇಳಿದ್ದರೆಂದು ಪತ್ರಿಕೆಗಳು ವರದಿ ಮಾಡಿದವು. ಮಕ್ಕಳು ಚಾವಣಿಯನ್ನು ನೋಡಿದ್ದರು. ದೊಡ್ಡವರು ನೋಡಬೇಕಿತ್ತು. ನಾಲ್ಕು ದಶಕಗಳ ಕಾಲ ಶಾಲೆಯ ಚಾವಣಿಯ ಅಡಿಯಲ್ಲೇ ಅನ್ನ ಸಂಪಾದಿಸಿದ ನನಗೆ ಆ ಸುದ್ದಿಯನ್ನು ಓದಿ ಪಕ್ಕಕ್ಕಿಡಲು ಆಗಲಿಲ್ಲ. ಈ ಬರಹಕ್ಕೆ ಅದೇ ಪ್ರೇರಣೆ.

ಎಣಿಸಿಟ್ಟವರಿಗೆ ಫಲ ದೊರೆತ ಒಂದು ನಿದರ್ಶನವನ್ನೂ ಹೇಳಬೇಕು. ಪ್ಯಾರಿಸಿನ ನೋತ್ರದಾಮ್ ಚರ್ಚಿನ ಚಾವಣಿಯನ್ನು ಶತಮಾನಗಳಿಂದ ಹೊತ್ತಿದ್ದುದು ಓಕ್ ಮರದ ಕಟ್ಟು. ಮರಗಳು ಅಷ್ಟು ಒತ್ತಾಗಿದ್ದುದರಿಂದ ಅದಕ್ಕೆ 'ಕಾಡು' ಎಂದೇ ಹೆಸರು. 2019ರ ಏಪ್ರಿಲ್ 15ರಂದು ಅದು ಸುಟ್ಟು ಬೂದಿಯಾಯಿತು. ಆದರೆ ಕೆಲವೇ ವರ್ಷಗಳ ಹಿಂದೆ ಇಬ್ಬರು ವಾಸ್ತುಶಿಲ್ಪಿಗಳು ಆ ಕಟ್ಟನ್ನು ಹತ್ತಿಳಿದು, ಮರಮರವನ್ನೂ ಅಳೆದು ನಕ್ಷೆ ಬರೆದಿಟ್ಟಿದ್ದರು. ಆ ನಕ್ಷೆಗಳ ನೆರವಿನಿಂದ ಬಡಗಿಗಳು ಓಕ್ ಮರದಲ್ಲೇ ಹಿಂದಿನಂತೆ ಕಟ್ಟಿದರು. 2024ರ ಡಿಸೆಂಬರಿನಲ್ಲಿ ಚರ್ಚು ಮತ್ತೆ ತೆರೆಯಿತು. ನಮ್ಮ ಊರಿನ ಹಳೆಯ ಮನೆಗಳ, ಶಾಲೆಗಳ ಮಾಡುಗಳನ್ನು ಅಳೆದು ಬರೆದಿಟ್ಟವರು ಎಷ್ಟು ಮಂದಿ?

ಹಾಗಾದರೆ ಏನು ಮಾಡಬೇಕು? ದೊಡ್ಡ ಕೆಲಸವೇನೂ ಅಲ್ಲ. ಮಳೆಗಾಲಕ್ಕೆ ಮುನ್ನ ಒಂದು ಭಾನುವಾರ, ಕೈಯಲ್ಲಿ ಒಂದು ಕೋಲು, ಒಂದು ಟಾರ್ಚು. ಮರದ ಮಾಡಾದರೆ ನೆತ್ತಿಯ ಗೆರೆ ನೇರವಾಗಿದೆಯೇ, ತೊಲೆಯ ತುದಿ ಗೋಡೆ ಸೇರುವಲ್ಲಿ ತೇವವಿದೆಯೇ, ಹುಡಿ ಉದುರಿದೆಯೇ, ತಟ್ಟಿದರೆ ಸದ್ದು ಹೇಗಿದೆ ಎಂದು ನೋಡಿರಿ. ಶೀಟಿನ ಕಟ್ಟಾದರೆ ಕಂಬದ ಬುಡ, ಬೆಸುಗೆಗಳು, ಸಡಿಲಾದ ತಿರುಪುಗಳು; ಪೈಪಿನ ತೆರೆದ ಬಾಯಿಗೆ ಮುಚ್ಚಳವಿಲ್ಲದಿದ್ದರೆ ಒಳಗೆ ನೀರು ನಿಂತು, ಹೊರಗಿನ ಬಣ್ಣ ಚೆನ್ನಾಗಿರುವಾಗಲೇ ಒಳಗಿನಿಂದ ತುಕ್ಕು ತಿಂದಿರುತ್ತದೆ. ಆರ್‌ಸಿಸಿಯಾದರೆ ಕಂದು ಕಲೆ, ಉಬ್ಬು, ಸರಳಿನ ಗುಂಟ ಹೋದ ಬಿರುಕು. ಸಂಶಯ ಬಂದರೆ ಬಣ್ಣದವನನ್ನು ಕರೆಯುವ ಮೊದಲು ಎಂಜಿನಿಯರನ್ನು ಕರೆಯಿರಿ. ಫಾಲ್ಸ್ ಸೀಲಿಂಗ್ ಹಾಕಿಸುವುದೇ ಆದರೆ ತೆಗೆದು ನೋಡಬಹುದಾದ ಒಂದು ಕಿಂಡಿಯನ್ನಾದರೂ ಬಿಡಿಸಿರಿ. ನಿಮ್ಮಲ್ಲಿ ಕೆಲವರು ನಿಮ್ಮ ನಿಮ್ಮ ಊರಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಇದ್ದೀರಿ. ಮೇ ತಿಂಗಳ ಸಭೆಯಲ್ಲಿ ಸುಣ್ಣಬಣ್ಣದ ಮಾತಿಗೆ ಮೊದಲು ಚಾವಣಿಯ ಮಾತನ್ನು ಎತ್ತಿರಿ. ನೋಡಿದುದನ್ನು ದಿನಾಂಕ ಸಹಿತ ಒಂದು ವಹಿಯಲ್ಲಿ ಬರೆಯಿಸಿರಿ. ಮುಂದಿನ ವರ್ಷ ನೋಡುವವನಿಗೆ ಹೋಲಿಸಲು ಅದು ಬೇಕು.

ಮೊಮ್ಮಕ್ಕಳಿಗೆ ಇದನ್ನು ಕಲಿಸಲು ಲಾಲ್‌ಬಾಗಿನ ಗಾಜಿನ ಮನೆಗಿಂತ ಒಳ್ಳೆಯ ಪಾಠಶಾಲೆ ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಇಲ್ಲ. 1889ರ ನವೆಂಬರಿನಲ್ಲಿ ಶಂಕುಸ್ಥಾಪನೆಯಾದ ಆ ಕಟ್ಟಡದ ಎರಕದ ಕಬ್ಬಿಣದ ಕಂಬಗಳೂ ಕಮಾನುಗಳೂ ಮರೆಯಿಲ್ಲದೆ ಕಾಣುತ್ತವೆ. ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಹೂವಿನ ಬೊಂಬೆಗಳನ್ನು ನೋಡಿ ಮುಗಿದ ಮೇಲೆ ಐದು ನಿಮಿಷ ಮೇಲಕ್ಕೆ ನೋಡಲು ಹೇಳಿರಿ. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆಂದು ಬೆರಳಿನಿಂದ ತೋರಿಸಲು ಹೇಳಿರಿ. ಅಲ್ಲಿ ತೋರಿಸಲು ಕಲಿತ ಮಗು ತನ್ನ ತರಗತಿಯ ಚಾವಣಿಯನ್ನೂ ನೋಡುತ್ತದೆ. ಅದು ಬಂದು ಏನಾದರೂ ಹೇಳಿದರೆ, 'ಸುಮ್ಮನೆ ಕೂತು ಓದು' ಎನ್ನದೆ ಎದ್ದು ಹೋಗಿ ನೋಡುವುದು ನಮ್ಮ ಕೆಲಸ.

ನಿಮ್ಮ ಊರಿನ ಕಡೆ ತೊಲೆ, ಜಂತೆ, ಪಕ್ಕಾಸುಗಳಿಗೆ ಬೇರೆ ಹೆಸರುಗಳಿದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿರಿ. ನಾನೊಂದು ಪಟ್ಟಿ ಮಾಡುತ್ತಿದ್ದೇನೆ. ಈ ಭಾನುವಾರ ನಿಮ್ಮ ಮನೆಯ ಚಾವಣಿಯನ್ನು ನೋಡಿದಿರಾದರೆ ಅದನ್ನೂ ಬರೆಯಿರಿ.